ದಾಟುವವರ ಹಿತವೂ ಹೊಳೆಯ ಋಣವೂ

ಮನುಷ್ಯನು ಮನುಷ್ಯನಿಗೋಸ್ಕರ ಮಾಡುವ ಕಾರ್ಯಗಳಲ್ಲಿ ಸೇತುವೆ ಕಟ್ಟುವದನ್ನು ನಿಂದಿಸುವವರು ವಿರಳ. ಗೋಡೆ ಕಟ್ಟುವವನು ನೆರೆಯವನನ್ನು ಹೊರಗಿಡುವದಕ್ಕೆ ಕಟ್ಟಬಹುದು. ಬಾವಿ ತೋಡುವವನು ತನ್ನ ಮನೆಯವರನ್ನು ಮಾತ್ರ ನೆನಸಿ ತೋಡಬಹುದು. ಸೇತುವೆಯಾದರೋ ತನ್ನ ಮೇಲೆ ಕಾಲಿಡುವವನ ಹೆಸರನ್ನೂ ಕುಲವನ್ನೂ ಕೇಳದೆ ಎಲ್ಲರನ್ನೂ ದಾಟಿಸುತ್ತದೆ. ಇಂಥ ಕಾರ್ಯವು ನಡೆಯುವಾಗ ಹೊಳೆಯ ನೀರು ಕದಡಿತು, ಮೀನು ಸತ್ತಿತು, ಕೆಳಗಿನವರ ಬಾವಿಯ ನೀರು ಕೆಟ್ಟಿತು ಎಂದು ಯಾವನಾದರೂ ದೂರಿಕೊಂಡರೆ, “ಒಳ್ಳೆಯ ಕೆಲಸ ನಡೆಯುತ್ತಾ ಇದೆ, ಸ್ವಲ್ಪ ಸಹಿಸಿಕೊಳ್ಳಿರಿ” ಎಂಬ ಉತ್ತರವು ನಮ್ಮೆಲ್ಲರ ಬಾಯಿಗೂ ಸುಲಭವಾಗಿ ಬರುತ್ತದೆ. ಈ ಉತ್ತರವು ಎಷ್ಟರ ಮಟ್ಟಿಗೆ ನ್ಯಾಯವಾದದ್ದು? ಒಂದು ಕಾರ್ಯದ ಉದ್ದೇಶವು ಒಳ್ಳೆಯದಾಗಿದ್ದರೆ, ಅದನ್ನು ಮಾಡುವಾಗ ಆಗುವ ಕೇಡಿಗೆ ಮಾಡುವವನು ಹೊಣೆಯಲ್ಲವೋ? ಈ ಪ್ರಶ್ನೆಯನ್ನು ನಮ್ಮ ಸೀಮೆಯ ಹೊಳೆಗಳನ್ನೇ ಎದುರಿಗಿಟ್ಟುಕೊಂಡು ವಿಚಾರಿಸೋಣ.

ಕಾರವಾರ, ಅಂಕೋಲೆ ತಾಲೂಕುಗಳ ಜನರಿಗೆ ಸೇತುವೆಯ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಘಟ್ಟದಿಂದ ಇಳಿದು ಬರುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ಹೊಳೆಗಳು ಕರಾವಳಿಯ ದಾರಿಯನ್ನು ತುಂಡುತುಂಡಾಗಿ ಕಡಿದಿವೆ. ಸೇತುವೆಗಳಿಲ್ಲದ ಕಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವವನೂ ಪೇಟೆಗೆ ಹೋಗುವವನೂ ಅಂಬಿಗನನ್ನು ಕರೆಯುತ್ತಾ ದಡದಲ್ಲಿ ಕಾದಿರಬೇಕಾಗಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎಂಬ ಗಾದೆಯು ನಮ್ಮಲ್ಲಿ ಹುಟ್ಟಿದ್ದು ಅಂಥ ಕಾಲದಲ್ಲಿಯೇ. ಈಗ ಅಂಬಿಗನಿಲ್ಲ, ಕಾಯುವದೂ ಇಲ್ಲ. ಆದರೂ ಗಾದೆಯಲ್ಲಿ ಹೇಳಿದ ಮನಸ್ಸು ಇನ್ನೂ ಉಳಿದಿದೆ. ಆಗ ದಾಟಿದವನು ಅಂಬಿಗನನ್ನು ಮರೆಯುತ್ತಿದ್ದನು. ಈಗ ಮೋಟಾರಿನಲ್ಲಿ ಒಂದು ನಿಮಿಷದೊಳಗೆ ದಾಟುವವನು ತನ್ನ ಕೆಳಗೆ ಹೊಳೆಯೊಂದು ಇದೆಯೆಂಬದನ್ನೇ ಮರೆಯುತ್ತಾನೆ.

2024ನೆಯ ಇಸವಿ ಆಗಸ್ಟ್ 7ನೆಯ ತಾರೀಖಿನ ನಡುರಾತ್ರಿಯ ತರುವಾಯ ಕಾರವಾರದ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ ಹೊಳೆಯ ಮೇಲಿದ್ದ ಹಳೆಯ ಸೇತುವೆ ಕುಸಿದು ಬಿತ್ತು. ಅದು 1983ರಲ್ಲಿ ಕಟ್ಟಿದ್ದು. ನಾಲ್ವತ್ತೊಂದು ವರುಷ ಜನರನ್ನು ದಾಟಿಸಿತ್ತು. ಹೆದ್ದಾರಿಯನ್ನು ಅಗಲ ಮಾಡುವಾಗ ಅದರ ಮಗ್ಗುಲಲ್ಲಿ ಹೊಸ ಸೇತುವೆಯೊಂದನ್ನು ಕಟ್ಟಿದ್ದರಿಂದ, ಹಳೆಯದರ ಮೇಲೆ ಗೋವೆಯ ಕಡೆಯಿಂದ ಬರುವ ವಾಹನಗಳು ಮಾತ್ರ ಸಾಗುತ್ತಿದ್ದವು. ಆ ರಾತ್ರಿ ಒಂದು ಲಾರಿ ಹೊಳೆಗೆ ಬಿತ್ತು. ಅದರ ಚಾಲಕನನ್ನು ಜೀವಸಹಿತ ಮೇಲಕ್ಕೆ ತಂದರು. ಹಗಲಿನ ಹೊತ್ತಿನಲ್ಲಿ ಬಿದ್ದಿದ್ದರೆ ಎಷ್ಟು ಮನೆಗಳಲ್ಲಿ ಗೋಳು ಎದ್ದಿತ್ತೋ ಯಾರು ಹೇಳಬಲ್ಲರು? ಆದಕಾರಣ ಹಳೆಯ ಸೇತುವೆಗಳನ್ನು ತೆಗೆದು ಹೊಸವನ್ನು ಕಟ್ಟಬೇಕೆಂಬ ಮಾತಿನಲ್ಲಿ ನಮಗೆ ಭೇದವಿಲ್ಲ. ಮುರಿಯುವ ಸೇತುವೆಯನ್ನು ಹಾಗೆಯೇ ಬಿಡುವದು ದಾಟುವವರಿಗೆ ಮಾಡುವ ದ್ರೋಹ. ನಮ್ಮ ಪ್ರಶ್ನೆ ಅದರ ಮುಂದಿನದು: ಹಳೆಯದನ್ನು ತೆಗೆಯುವಾಗಲೂ ಹೊಸದನ್ನು ಎಬ್ಬಿಸುವಾಗಲೂ ನೀರಿಗೆ ಏನಾಗುತ್ತದೆ, ಆ ನೀರಿನಿಂದ ಬದುಕುವವರಿಗೆ ನಮ್ಮ ಸಾಲವೇನು?

ನೀರಿಗೆ ಆಗುವದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಯಾಕಂದರೆ ಕೇಡು ಯಾವದೆಂದು ತಿಳಿಯದವನು ಅದನ್ನು ತಡೆಯಲಾರನು. ಸೇತುವೆಯನ್ನು ಬದಲಿಸುವ ಕೆಲಸದಲ್ಲಿ ನೀರು ಮುಖ್ಯವಾಗಿ ನಾಲ್ಕು ವಿಧವಾಗಿ ಕೆಡುತ್ತದೆ.

ಮೊದಲನೆಯದು ಮಣ್ಣು. ಯಂತ್ರಗಳು ನಿಲ್ಲುವದಕ್ಕೋಸ್ಕರ ದಡದಿಂದ ಹೊಳೆಯೊಳಗೆ ಮಣ್ಣಿನ ದಿಣ್ಣೆಯನ್ನು ಹಾಕುವದುಂಟು. ಅದರ ಕೆಂಪು ಮಣ್ಣು ಪ್ರತಿದಿನವೂ ನೀರಿನಲ್ಲಿ ಕರಗುತ್ತದೆ. ನುಣುಪಾದ ಮರಳಿನ ಕಣವು ಸ್ತಬ್ಧ ನೀರಿನಲ್ಲಿ ಒಂದು ಮೀಟರ್ ಇಳಿಯುವದಕ್ಕೆ ಒಂದೆರಡು ನಿಮಿಷ ಸಾಕು. ಜೇಡಿಯ ಅತಿ ಸೂಕ್ಷ್ಮ ಕಣಕ್ಕೆ ಅಷ್ಟೇ ಆಳವನ್ನು ಇಳಿಯಲು ಸುಮಾರು ಮೂರು ದಿನ ಬೇಕು. ಆ ಮೂರು ದಿನಗಳಲ್ಲಿ ಹರಿಯುವ ನೀರು ಅದನ್ನು ಎಷ್ಟು ದೂರ ಒಯ್ಯುವದೆಂದು ನೀವೇ ಎಣಿಸಿರಿ. ಉಪ್ಪುನೀರು ಸೇರುವ ಅಳಿವೆಯಲ್ಲಿಯಾದರೋ ಈ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗನೆ ಇಳಿದು ತಳವನ್ನು ಹೊದಿಕೆಯಂತೆ ಮುಚ್ಚುತ್ತವೆ.

ಎರಡನೆಯದು ಸಿಮೆಂಟಿನ ನೀರು. ಗಾರೆಯ ಕೆಲಸ ಮಾಡುವವರ ಕೈಗಳು ಹೇಗೆ ಬಿರಿಯುತ್ತವೆಂದು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಸಿ ಸಿಮೆಂಟಿನಲ್ಲಿರುವ ಕ್ಷಾರವೇ ಅದಕ್ಕೆ ಕಾರಣ. ಶಾಸ್ತ್ರಜ್ಞರ ಅಳತೆಯಲ್ಲಿ ಶುದ್ಧ ನೀರಿಗೆ 7 ಎಂಬ ಅಂಕೆ. ಕುಡಿಯುವ ನೀರು 6.5ಕ್ಕೂ 8.5ಕ್ಕೂ ನಡುವೆ ಇರಬೇಕೆಂಬದು ನಮ್ಮ ದೇಶದ ನಿಯಮ. ಹಸಿ ಕಾಂಕ್ರೀಟನ್ನು ತೊಳೆದ ನೀರು 12ರಿಂದ 13ರ ವರೆಗೆ ಏರುತ್ತದೆ. ಒಂದೊಂದು ಅಂಕೆ ಏರುವಾಗ ಕ್ಷಾರವು ಹತ್ತು ಪಾಲು ಹೆಚ್ಚಾಗುವದರಿಂದ ಇದು ಅಲ್ಪ ವ್ಯತ್ಯಾಸವಲ್ಲ. ಸಣ್ಣ ಹಳ್ಳದ ಗುಂಡಿಯಲ್ಲಿ ಕಾಂಕ್ರೀಟಿನ ಲಾರಿಯನ್ನು ತೊಳೆದರೆ ಅಲ್ಲಿರುವ ಮೀನುಗಳ ಕಿವಿರುಗಳು ಸುಟ್ಟು ಅವು ಸಾಯುವವು.

ಮೂರನೆಯದು ಕಂಬಗಳಿಗಾಗಿ ಆಳವಾದ ತೂತುಗಳನ್ನು ಕೊರೆಯುವಾಗ ಉಪಯೋಗಿಸುವ ಬೆಂಟೊನೈಟ್ ಎಂಬ ಜೇಡಿಯ ಗಂಜಿ, ಮತ್ತು ಯಂತ್ರಗಳಿಂದ ಸೋರುವ ಎಣ್ಣೆ. ಆ ಗಂಜಿಯು ತೂತಿನ ಗೋಡೆ ಕುಸಿಯದಂತೆ ಹಿಡಿಯುತ್ತದೆ. ಅದನ್ನು ತೊಟ್ಟಿಗಳಲ್ಲಿ ಹಿಡಿದು ಮತ್ತೆ ಮತ್ತೆ ಉಪಯೋಗಿಸಬಹುದು; ಹೊಳೆಗೆ ಬಿಟ್ಟರೆ ತಿಳಿಯಾಗುವದಕ್ಕೆ ಬಹುಕಾಲ ಹಿಡಿಯುವದು.

ನಾಲ್ಕನೆಯದು ಹಳೆಯ ಸೇತುವೆಯ ಅವಶೇಷ. ಮುರಿದ ಹಲಗೆಗಳೂ ಕಬ್ಬಿಣದ ಸರಳುಗಳೂ ಕಂಬದ ಬುಡಗಳೂ ತಳದಲ್ಲಿ ಉಳಿದರೆ ಹರಿವು ತಿರುಗಿ ಒಂದು ದಡವನ್ನು ಕೊರೆಯುತ್ತದೆ, ಇನ್ನೊಂದು ಕಡೆ ಹೂಳು ತುಂಬುತ್ತದೆ, ಬಲೆ ಸಿಕ್ಕಿ ಹರಿಯುತ್ತದೆ, ದೋಣಿಯ ತಳ ಒಡೆಯುತ್ತದೆ.

ಈ ಕೇಡುಗಳನ್ನು ಯಾರು ಅನುಭವಿಸುವರು? ಕಾಳಿಯು ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರಕ್ಕೆ ಸೇರುತ್ತದೆ. ಅದರ ಅಳಿವೆಯಲ್ಲಿ ದಿನಕ್ಕೆ ಎರಡಾವರ್ತಿ ಉಬ್ಬರವೂ ಇಳಿತವೂ ಆಗುವವು. ಆದದರಿಂದ ಅಲ್ಲಿ ಕದಡಿದ ನೀರು ಕೆಳಕ್ಕೆ ಮಾತ್ರ ಹೋಗುವದಿಲ್ಲ. ಉಬ್ಬರದೊಡನೆ ಮೇಲಕ್ಕೂ ಏರಿ ಗಜನಿ ಗದ್ದೆಗಳ ಬಾಯಿಗೂ ಕಾಂಡ್ಲಾ ಗಿಡಗಳ ಬುಡಕ್ಕೂ ಹೋಗುತ್ತದೆ. ಅಳಿವೆಯ ತಳದಲ್ಲಿ ಬೆಳಚು, ಕಲಗ ಮುಂತಾದ ಚಿಪ್ಪುಜೀವಿಗಳು ಇವೆ. ಮೀನು ಕೆಟ್ಟ ನೀರನ್ನು ಬಿಟ್ಟು ಓಡಬಲ್ಲದು. ಕಲ್ಲಿಗೆ ಅಂಟಿದ ಕಲಗವೂ ಮರಳಿನಲ್ಲಿ ಹುದುಗಿದ ಬೆಳಚೂ ಓಡಲಾರವು. ನೀರನ್ನು ಒಳಗೆಳೆದು ಸೋಸಿಯೇ ಅವು ಉಣ್ಣಬೇಕು, ಸೋಸುವದು ಕೆಸರಾದರೆ ಉಸಿರು ಕಟ್ಟುವದು. ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಅವನ್ನು ಆರಿಸಿ ಪೇಟೆಗೆ ಒಯ್ದು ಮಾರಿ ಅಕ್ಕಿ ಕೊಳ್ಳುವ ಹೆಂಗಸರಿಗೆ ದೋಣಿಯೂ ಇಲ್ಲ, ಬಲೆಯೂ ಇಲ್ಲ. ಅವರೂ ಆ ಸ್ಥಳವನ್ನು ಬಿಟ್ಟು ಓಡಲಾರರು.

ದೊಡ್ಡ ಹೊಳೆಯ ಮಾತು ಹೀಗಾದರೆ ಸಣ್ಣ ಹಳ್ಳದ ಗತಿಯೇನು? ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ ಎಂಬ ನಮ್ಮ ಹಳ್ಳಿಗಳ ಹಿಂದೆ ಗುಡ್ಡ, ಮುಂದೆ ಸಮುದ್ರ, ನಡುವೆ 66ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ. ಗುಡ್ಡದಿಂದ ಇಳಿಯುವ ಹಳ್ಳವು ಸಮುದ್ರಕ್ಕೆ ಸೇರಬೇಕಾದರೆ ಹೆದ್ದಾರಿಯ ಕೆಳಗೆ ಮೋರಿಯಿಂದಲೋ ಕಿರುಸೇತುವೆಯಿಂದಲೋ ನುಸುಳಬೇಕು. ಕಾಳಿಯ ಮೇಲೆ ಸೇತುವೆ ಬಿದ್ದರೆ ವೃತ್ತಪತ್ರಗಳು ಬರೆಯುತ್ತವೆ, ಅಧಿಕಾರಿಗಳು ಓಡಿ ಬರುತ್ತಾರೆ. ಹೆಸರಿಲ್ಲದ ಹಳ್ಳಕ್ಕೆ ಹೊಸ ಮೋರಿ ಹಾಕುವಾಗ ಅದರ ಬಾಯಿಯನ್ನು ಮಣ್ಣಿನಿಂದ ಕಟ್ಟಿಟ್ಟರೆ ಯಾರೂ ಬರೆಯುವದಿಲ್ಲ. ಆದರೆ ನೀರು ಕಡಿಮೆಯಿರುವಲ್ಲಿ ಅದೇ ಒಂದು ಬುಟ್ಟಿ ಸಿಮೆಂಟು ಮಾಡುವ ಕೇಡು ಹೆಚ್ಚು. ಆ ಹಳ್ಳದ ಪಕ್ಕದ ಬಾವಿಯಿಂದ ಕುಡಿಯುವವರು, ಅದರಲ್ಲಿ ಎಮ್ಮೆಗೆ ನೀರು ತೋರಿಸುವವರು, ಬಟ್ಟೆ ಒಗೆಯುವವರು ಬಡವರೇ. ಕದಡಿದ ನೀರಿನಲ್ಲಿ ರೋಗದ ಬೀಜಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಅಡಗುವವಾದ್ದರಿಂದ ಕ್ಲೋರಿನ್ ಪುಡಿ ಹಾಕಿದರೂ ಅದು ಚೆನ್ನಾಗಿ ತಗಲುವದಿಲ್ಲ. ಈ ಕಾರಣದಿಂದಲೇ ಕುಡಿಯುವ ನೀರಿನ ಕದಡು 1 ಅಂಶವನ್ನು ಮೀರಬಾರದು, ಬೇರೆ ನೀರು ಸಿಕ್ಕದಿದ್ದರೆ 5ನ್ನಾದರೂ ಮೀರಬಾರದು ಎಂದು 2012ರ ಭಾರತೀಯ ಮಾನಕವು ಹೇಳುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರುವೆವು. ಸೇತುವೆ ಹೊಳೆಗೆ ಅಡ್ಡವಾಗಿ ನಿಲ್ಲುತ್ತದೆ. ಹೊಳೆ ಸೇತುವೆಗೆ ಅಡ್ಡವಾಗಿ ಹರಿಯುತ್ತದೆ. ಈ ಎರಡು ದಾರಿಗಳಲ್ಲಿ ಎರಡು ತರದ ಜನರಿದ್ದಾರೆ. ಅಡ್ಡ ದಾಟುವವರ ಹಿತಕ್ಕಾಗಿ ಸೇತುವೆ ಕಟ್ಟುತ್ತೇವೆ. ಅವರ ಸಂಖ್ಯೆಯನ್ನು ಎಣಿಸುತ್ತೇವೆ, ಅವರ ವಾಹನಗಳ ಭಾರವನ್ನು ಲೆಕ್ಕಿಸುತ್ತೇವೆ, ಅವರಿಗೆ ತಡವಾಗುವದೆಂದು ಚಿಂತಿಸುತ್ತೇವೆ. ಹೊಳೆಯ ಉದ್ದಕ್ಕೂ ಬದುಕುವವರನ್ನಾದರೋ ಎಣಿಸುವವರು ಯಾರೂ ಇಲ್ಲ. ಅವರಲ್ಲಿ ಅನೇಕರು ಆ ಸೇತುವೆಯನ್ನು ವರುಷಕ್ಕೆ ಒಂದು ಸಾರಿ ದಾಟುವರೋ ಇಲ್ಲವೋ. ಹೀಗೆ ಲಾಭವು ಒಬ್ಬರಿಗೂ ನಷ್ಟವು ಮತ್ತೊಬ್ಬರಿಗೂ ಬೀಳುವಾಗ, “ಸ್ವಲ್ಪ ಸಹಿಸಿಕೊಳ್ಳಿರಿ” ಎಂದು ಹೇಳುವವನು ಸಹಿಸುವವನಲ್ಲ ಎಂಬದನ್ನು ನಾವು ಗಮನಿಸಬೇಕು. ತನ್ನ ಕಷ್ಟವನ್ನು ತಾನು ತಾಳಿಕೊಳ್ಳುವದು ಸದ್ಗುಣ. ಪರನ ಕಷ್ಟವನ್ನು ತಾನು ತಾಳಿಕೊಳ್ಳುವದಕ್ಕೆ ಯಾವ ಗುಣವೂ ಬೇಕಾಗಿಲ್ಲ.

ನನ್ನ ನೆರೆಯವನು ಯಾರು ಎಂಬ ಹಳೆಯ ಪ್ರಶ್ನೆಗೆ ಹೊಳೆಯು ತನ್ನ ರೀತಿಯಲ್ಲಿ ಉತ್ತರ ಕೊಡುತ್ತದೆ. ನಮ್ಮ ತಾಲೂಕಿನವರು ಅದನ್ನು ಕಣ್ಣಾರೆ ಕಂಡರು. 2024ನೆಯ ಇಸವಿ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡ ಕುಸಿದು ಗಂಗಾವಳಿ ಹೊಳೆಯೊಳಗೆ ಬಿತ್ತು. ಆ ಮಣ್ಣಿನ ಹೊಡೆತಕ್ಕೆ ಹೊಳೆಯ ನೀರು ಎದ್ದು ಆಚೆಯ ದಡದ ಉಳುವರೆಯ ಮನೆಗಳ ಮೇಲೆ ನುಗ್ಗಿತು. ಹೊಳೆಯಲ್ಲಿ ಮುಳುಗಿದ್ದ ಒಂದು ಲಾರಿಯನ್ನು ಹೂಳೆತ್ತುವ ಯಂತ್ರವನ್ನು ತಂದು ಹೊರತೆಗೆಯುವದಕ್ಕೆ ಸೆಪ್ಟೆಂಬರ್ 25ರ ವರೆಗೆ, ಅಂದರೆ 71 ದಿನಗಳು ಹಿಡಿದವು. ಈ ಭಾರಿ ವಿಪತ್ತನ್ನು ಮೋರಿಯ ಕೆಲಸದಲ್ಲಿ ಬೀಳುವ ಮಣ್ಣಿಗೆ ಸಮಮಾಡುವದು ನಮ್ಮ ಉದ್ದೇಶವಲ್ಲ. ಆದರೂ ಅದರಿಂದ ಒಂದು ಮಾತು ಸ್ಪಷ್ಟವಾಯಿತು: ಈ ದಡದಲ್ಲಿ ಹೊಳೆಗೆ ಬಿದ್ದದ್ದು ಆ ದಡದವನ ಮನೆಯ ಬಾಗಲಿಗೆ ಹೋಗುತ್ತದೆ. ಬಿದ್ದದ್ದನ್ನು ಹೊರತೆಗೆಯುವದು ಬೀಳದಂತೆ ತಡೆಯುವದಕ್ಕಿಂತ ಬಹು ಕಠಿಣ.

ಕೆಲವರು ಹೇಳುವರು: “ಕಾನೂನು ಇದೆಯಲ್ಲಾ, ತಪ್ಪಿದ್ದರೆ ಕಾನೂನು ಹಿಡಿಯುವದು.” ಕಾನೂನು ಇದೆ ನಿಜ, ಅದು ಏನು ಹೇಳುತ್ತದೆಂದು ನೋಡೋಣ. 1974ನೆಯ ಇಸವಿಯ ಜಲಮಾಲಿನ್ಯ ನಿವಾರಣೆಯ ಕಾನೂನಿನ 24ನೆಯ ಕಲಮು, ನೀರನ್ನು ಕೆಡಿಸುವ ಪದಾರ್ಥವನ್ನು ಯಾವನೂ ತಿಳಿದು ತಿಳಿದು ಹೊಳೆಗೆ ಬಿಡಬಾರದೆಂದು ವಿಧಿಸುತ್ತದೆ. ಆದರೆ ಅದೇ ಕಲಮಿನ ಎರಡನೆಯ ಭಾಗವು ಒಂದು ವಿನಾಯಿತಿಯನ್ನು ಕೊಡುತ್ತದೆ. ಹಕ್ಕುಳ್ಳವನು ಹೊಳೆಯ ಮೇಲಾಗಲಿ ದಡದಲ್ಲಾಗಲಿ ತಳದಲ್ಲಾಗಲಿ ಸೇತುವೆ, ಕಟ್ಟೆ, ಧಕ್ಕೆ ಮುಂತಾದವುಗಳನ್ನು ಕಟ್ಟಿದರೆ ಅಥವಾ ದುರಸ್ತಿ ಮಾಡಿದರೆ ಕೇವಲ ಆ ಕಾರಣದಿಂದ ಅವನು ಅಪರಾಧಿಯಾಗುವದಿಲ್ಲವೆಂದು ಅದರ ಅರ್ಥ. ಇದು ಅನ್ಯಾಯವಾದ ನಿಯಮವಲ್ಲ. ಇದಿಲ್ಲದಿದ್ದರೆ ಹೊಳೆಯಲ್ಲಿ ಒಂದು ಕಂಬವನ್ನೂ ನೆಡಲಾಗುತ್ತಿರಲಿಲ್ಲ. ಆದರೆ ‘ಕೇವಲ ಆ ಕಾರಣದಿಂದ’ ಎಂಬ ಮಾತನ್ನು ಚೆನ್ನಾಗಿ ಓದಬೇಕು. ಕಟ್ಟಿದ್ದು ಅಪರಾಧವಲ್ಲ ಎಂದು ಹೇಳಿತೇ ಹೊರತು, ಕಟ್ಟುವ ನೆವದಿಂದ ವಿಷವನ್ನು ಬಿಡಬಹುದೆಂದು ಹೇಳಲಿಲ್ಲ. ಅದೇ ಸ್ಥಳದಲ್ಲಿ, ದಡವನ್ನು ಕಾಪಾಡುವದಕ್ಕೆ ಹಾಕುವ ಪದಾರ್ಥವು ನೀರನ್ನು ಕೆಡಿಸದಂಥದ್ದಾಗಿರಬೇಕೆಂಬ ಷರತ್ತೂ ಇದೆ.

ಕಾನೂನು ಬಿಟ್ಟುಕೊಟ್ಟ ಸ್ಥಳದಲ್ಲಿ ಮನಸ್ಸಾಕ್ಷಿಯ ಕೆಲಸ ಪ್ರಾರಂಭವಾಗುತ್ತದೆ. ಬಾಗಲಿಗೆ ಬಂದ ಬಾಯಾರಿದವನಿಗೆ ನೀರು ಕೊಡದವನನ್ನು ಯಾವ ಕೋರ್ಟೂ ಶಿಕ್ಷಿಸದು. ಹಾಗೆಂದು ಅವನು ನಿರ್ದೋಷಿಯೆಂದು ನಾವು ಎಣಿಸುವೆವೋ? ಕಾನೂನು ಎಳೆಯುವದು ಅತಿ ಕೆಳಗಿನ ಗೆರೆ. ಅದರ ಕೆಳಗೆ ಇಳಿದವನನ್ನು ಅದು ಹಿಡಿಯುತ್ತದೆ. ಅದರ ಮೇಲೆ ನಿಂತವರೆಲ್ಲರೂ ನೀತಿವಂತರೆಂದು ಅದು ಎಂದೂ ಸಾಕ್ಷಿ ಹೇಳಲಿಲ್ಲ.

ಇನ್ನೊಂದು ಆಕ್ಷೇಪವು ಹೆಚ್ಚು ಸೂಕ್ಷ್ಮವಾದದ್ದು. “ನೀರನ್ನು ಕೆಡಿಸಬೇಕೆಂದು ಯಾರೂ ಬಯಸಲಿಲ್ಲ. ಸೇತುವೆಯನ್ನು ಬಯಸಿದರು, ಕೆಸರು ತಾನಾಗಿ ಬಂತು. ಬಯಸದ ಕೇಡಿಗೆ ಹೊಣೆ ಹೇಗೆ?” ಎಂದು ಕೇಳುವರು. ಇದಕ್ಕೆ ನಮ್ಮ ಊರಿನದೇ ಒಂದು ದೃಷ್ಟಾಂತವನ್ನು ಕೊಡಬಹುದು. ಒಬ್ಬನು ತನ್ನ ಬೇಣದ ಒಣಹುಲ್ಲನ್ನು ಸುಡಬೇಕಾಗಿದೆ. ಪಕ್ಕದಲ್ಲಿಯೇ ನೆರೆಯವನ ಹುಲ್ಲಿನ ಮನೆ. ಅವನು ಗಾಳಿಯಿಲ್ಲದ ಬೆಳಗಿನ ಹೊತ್ತನ್ನು ಆರಿಸಿ, ಸುತ್ತಲೂ ಹುಲ್ಲನ್ನು ಕೆತ್ತಿ ಬೆಂಕಿದಾರಿ ಮಾಡಿ, ನೀರಿನ ಕೊಡಗಳನ್ನು ಇಟ್ಟುಕೊಂಡು, ನೆರೆಯವನಿಗೆ ತಿಳಿಸಿ ಸುಟ್ಟನು. ಆದರೂ ಕಿಡಿಯೊಂದು ಹಾರಿದರೆ ನಾವು ಇಬ್ಬರಿಗೋಸ್ಕರವೂ ಮರುಗುವೆವು. ಮತ್ತೊಬ್ಬನು ಮಧ್ಯಾಹ್ನದ ಗಾಳಿಯಲ್ಲಿ ಕಡ್ಡಿ ಗೀರಿ ಮನೆಗೆ ಹೋಗಿ ಮಲಗಿದನು. ನೆರೆಯವನ ಮನೆ ಸುಡಲೆಂದು ಇವನೂ ಬಯಸಲಿಲ್ಲ. ಆದರೂ ಇವನನ್ನು ನಾವು ಕ್ಷಮಿಸುವದಿಲ್ಲ. ಯಾಕಂದರೆ ಆಗಬಹುದಾದದ್ದನ್ನು ಇವನು ಬಲ್ಲವನಾಗಿದ್ದು ತಡೆಯುವದಕ್ಕೆ ಕೈ ಎತ್ತಲಿಲ್ಲ. ಹೀಗಿರಲಾಗಿ, ‘ನಾನು ಬಯಸಲಿಲ್ಲ’ ಎಂಬ ಮಾತು ಕೇಡನ್ನು ಕಡಿಮೆ ಮಾಡುವದಕ್ಕೆ ತನ್ನಿಂದಾದದ್ದನ್ನೆಲ್ಲಾ ಮಾಡಿದವನ ಬಾಯಿಯಲ್ಲಿ ಮಾತ್ರ ನಿಜವಾದ ಉತ್ತರವಾಗುತ್ತದೆ. ಮಿಕ್ಕವರ ಬಾಯಿಯಲ್ಲಿ ಅದು ನೆವ.

ಮೂರನೆಯ ಆಕ್ಷೇಪ: “ಪ್ರತಿ ಮಳೆಗಾಲದಲ್ಲಿಯೂ ಹೊಳೆ ಕೆಂಪಾಗಿ ಹರಿಯುತ್ತದೆ, ಆಗ ಸಾಯದ ಮೀನು ಈಗ ಸಾಯುವದೋ?” ಇದು ಕೇಳುವದಕ್ಕೆ ಸರಿಯಾಗಿ ತೋರುತ್ತದೆ. ಆದರೆ ಮಳೆಗಾಲದ ಕೆಸರು ಮಹಾಪೂರದೊಡನೆ ಬಂದು ಬಹುಪಾಲು ಸಮುದ್ರಕ್ಕೆ ಹೋಗುತ್ತದೆ, ಮತ್ತು ಹೊಳೆಯ ಜೀವಿಗಳು ತಮ್ಮ ಮೊಟ್ಟೆಯಿಡುವ ಕಾಲವನ್ನೂ ಬೆಳೆಯುವ ಕಾಲವನ್ನೂ ಆ ಋತುವಿಗೆ ಹೊಂದಿಸಿಕೊಂಡಿವೆ. ಮಳೆ ನಿಂತು ಉಪ್ಪುನೀರು ಮತ್ತೆ ಅಳಿವೆಯೊಳಗೆ ಏರಿದ ಮೇಲೆ ಅನೇಕ ಜಾತಿಯ ಚಿಪ್ಪುಜೀವಿಗಳ ಮರಿಗಳು ತಳದಲ್ಲಿ ನೆಲೆಗೊಳ್ಳುತ್ತವೆ. ನೀರು ಇಳಿದಿರುವ ಅದೇ ತಿಂಗಳುಗಳಲ್ಲಿ ಸೇತುವೆಯ ಕೆಲಸವೂ ರಭಸದಿಂದ ನಡೆಯುತ್ತದೆ. ಆಗ ಹರಿವು ಕಡಿಮೆ, ಬಿದ್ದ ಕೆಸರು ಬಿದ್ದಲ್ಲಿಯೇ ಕೂರುತ್ತದೆ. ಮಳೆಗಾಲದಲ್ಲಿ ಬಾಗಲು ಮುಚ್ಚಿ ಕುಳಿತ ಮನೆಯವರ ಮೇಲೆ ನೀರು ಸುರಿದದ್ದಕ್ಕೂ, ಬಿಸಿಲಿನಲ್ಲಿ ಅಂಗಳದಲ್ಲಿ ಭತ್ತ ಹರವಿ ಕುಳಿತವರ ಮೇಲೆ ನೀರು ಸುರಿದದ್ದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ.

ನಾಲ್ಕನೆಯದು: “ಇದಕ್ಕೆಲ್ಲಾ ಹಣವೂ ಸಮಯವೂ ಎಲ್ಲಿದೆ?” ಸಮಯದ ವಿಷಯದಲ್ಲಿ ಒಂದು ಮಾತನ್ನು ನೆನಪಿಗೆ ತರುವೆವು. ಪ್ರತಿವರುಷ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಮೀನಿನ ಸಂತಾನ ಬೆಳೆಯಲೆಂದು ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಸಮುದ್ರಕ್ಕೆ ಇಳಿಯಬಾರದೆಂಬ ಸರಕಾರದ ಆಜ್ಞೆಯಿದೆ. ಆ ದೋಣಿಗಳಲ್ಲಿ ದುಡಿಯುವವರು ಎರಡು ತಿಂಗಳು ಸಂಪಾದನೆಯಿಲ್ಲದೆ ಮನೆಯಲ್ಲಿರುತ್ತಾರೆ. ಮೀನಿನ ನಿಮಿತ್ತ ಕಾಯಿರಿ ಎಂದು ದಿನಗೂಲಿಯ ಮೀನುಗಾರನಿಗೆ ಹೇಳುವ ನಾವು, ಅದೇ ಮೀನಿನ ನಿಮಿತ್ತ ಕೆಲವು ವಾರ ನೀರಿನೊಳಗಿನ ಕೆಲಸವನ್ನು ಹಿಂದುಮುಂದು ಮಾಡಿರಿ ಎಂದು ದೊಡ್ಡ ಕಾಮಗಾರಿಯವರಿಗೆ ಹೇಳಬಾರದೋ? ಅಮೆರಿಕದ ಪಶ್ಚಿಮ ತೀರದ ಸೀಮೆಗಳಲ್ಲಿ ಸಾಲ್ಮನ್ ಎಂಬ ಮೀನು ಮೊಟ್ಟೆಯಿಡುವ ಹೊಳೆಗಳಿಗೆ ಇಂಥ ಕ್ರಮವೇ ಇದೆ. ಯಾವ ಹೊಳೆಯಲ್ಲಿ ಯಾವ ತಿಂಗಳುಗಳಲ್ಲಿ ಮಾತ್ರ ನೀರಿಗೆ ಇಳಿದು ಕೆಲಸ ಮಾಡಬಹುದೆಂದು ಅಲ್ಲಿ ಮೊದಲೇ ಗೊತ್ತುಮಾಡುತ್ತಾರೆ. ಸೇತುವೆ ಕಟ್ಟುವವನು ಅದಕ್ಕೆ ತನ್ನ ಲೆಕ್ಕವನ್ನು ಹೊಂದಿಸಿಕೊಳ್ಳುತ್ತಾನೆ.

ಹಣದ ವಿಷಯದಲ್ಲಿ ಹೇಳಬೇಕಾದರೆ, ಬೇಕಾದ ಉಪಾಯಗಳಲ್ಲಿ ಅನೇಕವು ಸೇತುವೆಯ ವೆಚ್ಚದ ಮುಂದೆ ಅಲ್ಪವಾದವು. ಕಂಬ ಏಳುವ ಸ್ಥಳದ ಸುತ್ತಲೂ ಉಕ್ಕಿನ ತಗಡುಗಳ ಗೋಡೆಯನ್ನು ಇಳಿಸಿ, ಅದರೊಳಗೆ ಮಾತ್ರ ಕೆಲಸ ಮಾಡುವದು. ಅದರ ಹೊರಗೆ ತೇಲುವ ಬಟ್ಟೆಯ ಪರದೆಯನ್ನು ನೀರಿನಲ್ಲಿ ಇಳಿಬಿಟ್ಟು ಕೆಸರು ಹರಡದಂತೆ ಹಿಡಿಯುವದು. ಒಳಗಿಂದ ಎತ್ತಿದ ಕೆಸರುನೀರನ್ನು ದಡದ ಗುಂಡಿಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಬಿಡುವದು. ಕಾಂಕ್ರೀಟಿನ ಲಾರಿಯನ್ನು ತೊಳೆಯುವದಕ್ಕೆ ಹೊಳೆಯಿಂದ ದೂರದಲ್ಲಿ ತಾಡಪತ್ರಿ ಹಾಸಿದ ಗುಂಡಿ ತೋಡುವದು. ಹಳೆಯ ಸೇತುವೆಯನ್ನು ಒಡೆದು ಬೀಳಿಸದೆ, ತುಂಡುತುಂಡಾಗಿ ಕೊಯ್ದು ಕ್ರೇನಿನಿಂದ ಎತ್ತಿ ದೊಡ್ಡ ದೋಣಿಯ ಮೇಲೆ ಇಳಿಸುವದು. ಮಣ್ಣಿನ ದಿಣ್ಣೆ ಹಾಕಲೇಬೇಕಾದರೆ ಹೊಳೆಯ ಒಂದು ಪಾಲನ್ನು ತೆರೆದಿಟ್ಟು, ಮೊದಲ ಮಳೆಗೆ ಮುಂಚೆ ಅದನ್ನು ಪೂರ್ಣವಾಗಿ ತೆಗೆಯುವದು. ಬರಿದಾದ ದಡಕ್ಕೆ ಕೂಡಲೇ ಹುಲ್ಲು ನೆಡುವದು. ಇವುಗಳಲ್ಲಿ ದೊಡ್ಡ ವಿದ್ಯೆ ಯಾವದೂ ಇಲ್ಲ. ರಸ್ತೆ ಸೇತುವೆಗಳ ಕೆಲಸಕ್ಕಾಗಿ ಕೇಂದ್ರ ಸರಕಾರದ ಸಾರಿಗೆ ಸಚಿವಾಲಯವು ಮಾಡಿದ ನಿಯಮಗಳಲ್ಲಿಯೂ ಮಣ್ಣು ಸವೆಯದಂತೆ, ನೀರು ಕೆಡದಂತೆ ನೋಡಿಕೊಳ್ಳುವದು ಗುತ್ತಿಗೆದಾರನ ಕರ್ತವ್ಯವೆಂದು ಬರೆದದೆ. ಆದರೆ ಯಾರೂ ಕೇಳದ ಕರ್ತವ್ಯವು ಕಾಗದದಲ್ಲಿಯೇ ಉಳಿಯುತ್ತದೆ.

ಆದಕಾರಣ ಕೇಳುವವರು ಬೇಕು, ಕೆಲಸಕ್ಕೆ ಮುಂಚೆ ಕೇಳುವವರು ಬೇಕು. ಮೀನು ಸತ್ತ ಮೇಲೆ ಎಷ್ಟು ಕೂಗಿದರೂ ಮೀನು ಏಳುವದಿಲ್ಲ. ನಮ್ಮ ಊರಿನ ಹಳ್ಳಕ್ಕೆ ಹೊಸ ಸೇತುವೆಯೋ ಮೋರಿಯೋ ಬರುವದೆಂದು ತಿಳಿದ ಕೂಡಲೇ ಗ್ರಾಮಸಭೆಯಲ್ಲಿ ಎದ್ದು ನಾಲ್ಕು ಪ್ರಶ್ನೆಗಳನ್ನು ಮರ್ಯಾದೆಯಿಂದ ಕೇಳುವದಕ್ಕೆ ನಮಗೆ ಹಕ್ಕುಂಟು: ನೀರಿನೊಳಗಿನ ಕೆಲಸ ಯಾವ ತಿಂಗಳಲ್ಲಿ? ಹಾಕಿದ ಮಣ್ಣನ್ನು ತೆಗೆಯುವದು ಯಾವ ತಾರೀಖಿಗೆ? ಸಿಮೆಂಟಿನ ನೀರು ಎಲ್ಲಿಗೆ? ಹಳೆಯ ಸೇತುವೆಯ ತುಂಡುಗಳು ಎಲ್ಲಿಗೆ? ಇವುಗಳಿಗೆ ಉತ್ತರವು ಸಭೆಯ ಪುಸ್ತಕದಲ್ಲಿ ಬರೆಯಲ್ಪಟ್ಟರೆ ಅರ್ಧ ಕೆಲಸ ಆದಂತೆ.

ನೀರನ್ನು ಅಳೆಯುವದಕ್ಕೂ ನಮಗೆ ದೊಡ್ಡ ಯಂತ್ರ ಬೇಡ. 1865ನೆಯ ಇಸವಿಯಲ್ಲಿ ಸೆಕ್ಕಿ ಎಂಬ ರೋಮಾಪುರದ ಪಾದ್ರಿಯೂ ಖಗೋಳಶಾಸ್ತ್ರಜ್ಞನೂ ಆದವನು ಹಡಗಿನಿಂದ ಬಿಳಿಯ ತಟ್ಟೆಗಳನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಸಿ, ಎಷ್ಟು ಆಳದಲ್ಲಿ ಅವು ಕಣ್ಣಿಗೆ ಮರೆಯಾಗುವವೆಂದು ನೋಡಿ ನೀರಿನ ತಿಳಿತನವನ್ನು ಅಳೆದನು. ಆ ಕ್ರಮವನ್ನು ಇಂದಿಗೂ ಶಾಸ್ತ್ರಜ್ಞರು ಉಪಯೋಗಿಸುತ್ತಾರೆ. ನಮ್ಮ ಹೊಳೆಯಲ್ಲಿಯೂ ಒಂದು ಬಿಳಿಯ ತಟ್ಟೆಗೆ ಕಲ್ಲಿನ ಭಾರ ಕಟ್ಟಿ, ಗೇಣುಗಳ ಗಂಟು ಹಾಕಿದ ಹಗ್ಗದಿಂದ ಇಳಿಸಿದರೆ ಶಾಲೆಯ ಹುಡುಗನೂ ಇದನ್ನು ಮಾಡಬಲ್ಲನು. ಅಳಿವೆಯಲ್ಲಾದರೆ ಪ್ರತಿಸಾರಿಯೂ ಉಬ್ಬರ ಇಳಿತಗಳ ಒಂದೇ ಹೊತ್ತಿನಲ್ಲಿ ನೋಡಬೇಕು. ಕೆಲಸಕ್ಕೆ ಮುಂಚಿನ ತಿಂಗಳು ವಾರಕ್ಕೊಮ್ಮೆ, ಕೆಲಸ ನಡೆಯುವಾಗ ಸೇತುವೆಯ ಮೇಲುಗಡೆ ಒಂದು ಸಾರಿ, ಕೆಳಗಡೆ ಒಂದು ಸಾರಿ ಅಳೆದು ತಾರೀಖಿನೊಡನೆ ಬರೆದಿಟ್ಟರೆ, ‘ಕದಡಿತು, ಇಲ್ಲ’ ಎಂಬ ಜಗಳಕ್ಕೆ ಸ್ಥಳವಿರುವದಿಲ್ಲ. ಸಿಟ್ಟಿನ ಮಾತನ್ನು ತಳ್ಳಿಬಿಡಬಹುದು; ತಾರೀಖು ಬರೆದ ಅಳತೆಯನ್ನು ತಳ್ಳುವದು ಅಷ್ಟು ಸುಲಭವಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಕೈಗಳನ್ನೂ ನೋಡಿಕೊಳ್ಳಬೇಕು. ಸೇತುವೆಯ ಮೇಲಿಂದ ಕಸದ ಚೀಲವನ್ನು ಎಸೆಯುವವನು, ಕೋಳಿಯ ಅವಶೇಷವನ್ನು ರಾತ್ರಿಯಲ್ಲಿ ಹಳ್ಳಕ್ಕೆ ಸುರಿಯುವವನು, ತನ್ನ ಬಂಡಿಯ ಎಣ್ಣೆಯನ್ನು ಹರಿಯುವ ನೀರಿನಲ್ಲಿ ತೊಳೆಯುವವನು ಯಾವ ಗುತ್ತಿಗೆದಾರನ ಮೇಲೂ ಬೆರಳು ತೋರಿಸಲಾರನು. ನೀರು ಕೆಳಗೆ ಹೋಗುತ್ತದೆ, ನಮಗೇನು ಎಂಬದು ಇಬ್ಬರ ಮನಸ್ಸಿನಲ್ಲಿಯೂ ಇರುವ ಒಂದೇ ಮಾತು. ದೊಡ್ಡವನು ದೊಡ್ಡ ಪ್ರಮಾಣದಲ್ಲಿಯೂ ಸಣ್ಣವನು ಸಣ್ಣ ಪ್ರಮಾಣದಲ್ಲಿಯೂ ಅದನ್ನು ಆಡುತ್ತಾನೆ. ದೊಡ್ಡವನ ತಪ್ಪು ಇದರಿಂದ ಕಡಿಮೆಯಾಗದು. ಕೇಳುವವನ ಬಾಯಿಗೆ ಮಾತ್ರ ಇದರಿಂದ ಬಲ ಬರುವದು.

ಕಾಳಿಗೂ ಗಂಗಾವಳಿಗೂ ಹೆಸರಿಲ್ಲದ ಹಳ್ಳಗಳಿಗೂ ಇನ್ನು ಎಷ್ಟೋ ಸೇತುವೆಗಳು ಬರಲಿಕ್ಕಿವೆ. ಬರಲಿ, ಗಟ್ಟಿಯಾಗಿ ಬರಲಿ. ಅವು ನಾಲ್ವತ್ತು ವರುಷವಲ್ಲ, ನೂರು ವರುಷ ನಿಲ್ಲಲಿ. ಕಟ್ಟುವದು ಎರಡು ವರುಷದ ಕೆಲಸ, ದಾಟುವದು ಮಕ್ಕಳ ಮಕ್ಕಳ ವರೆಗಿನ ಲಾಭ. ಆದರೆ ಆ ಎರಡು ವರುಷಗಳಲ್ಲಿ ಇಳಿತದ ನೀರಿನಲ್ಲಿ ಬಗ್ಗಿ ಬೆಳಚನ್ನು ಆರಿಸುವವಳಿಗೆ ಬುಟ್ಟಿ ಬರಿದಾದರೆ, ಅವಳ ಮನೆಯಲ್ಲಿ ಒಲೆ ಹೊತ್ತದ ದಿನಗಳನ್ನು ಸೇತುವೆಯ ವೆಚ್ಚದ ಲೆಕ್ಕದಲ್ಲಿ ಯಾರೂ ಬರೆಯುವದಿಲ್ಲ. ಆ ಲೆಕ್ಕವನ್ನು ಕೆಲಸಕ್ಕೆ ಮುಂಚೆಯೇ ಬರೆಯುವದು, ಅದಕ್ಕೆ ಬೇಕಾದ ಪರದೆಗೂ ಗುಂಡಿಗೂ ಕಾಯುವ ವಾರಗಳಿಗೂ ಹಣವಿಡುವದು ದಾನವಲ್ಲ, ಸಾಲ ತೀರಿಸುವದು. ಹೊಳೆಯ ಎರಡು ದಡಗಳನ್ನು ಕೂಡಿಸುವವನು ಮೇಲಿನವರನ್ನೂ ಕೆಳಗಿನವರನ್ನೂ ಅಗಲಿಸದೆ ಕೂಡಿಸಿದರೆ ಅವನ ಕೆಲಸವು ಪೂರ್ಣವಾಯಿತೆಂದು ಹೇಳಬಹುದು.